ಬಸವಣ್ಣನ ಕೆಳಗಿನ ಮೀಟರು

ಲಿಂಗಮ್ಮನ ಕೊನೆಯ ಸಂಬಳ ಇವತ್ತಿಗೂ ಬಂದಿಲ್ಲ. ರಾಜಾಜಿನಗರದ ಕಡೆ ಟೆಲಿಫೋನಿನ ಬೋರ್ಡು ಮಾಡುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದಾಗ ಅಲ್ಲಿನ ಹೆಂಗಸರು ಗೇಟಿನ ಮುಂದೆ ಶಾಮಿಯಾನ ಹಾಕಿ ಕೂತರು. ಗಂಟಲು ಹರಿಯುವ ಹಾಗೆ ಕೂಗಿದರು, ಪೊಲೀಸ್ ವ್ಯಾನು ಹತ್ತಿಸಿದರೆ ಹತ್ತಿದರು, ಸಂಜೆ ಇಳಿಸಿದರೆ ಮತ್ತೆ ಬಂದು ಅಲ್ಲೇ ಕೂತರು. ಮಾಲೀಕ ಹಿಂದಿನ ಬಾಗಿಲಿನಿಂದ ಯಂತ್ರ ಸಾಗಿಸಿ ಜಾಗ ಮಾರಿಕೊಂಡ. ಈಗ ಅಲ್ಲಿ ಅಪಾರ್ಟ್‌ಮೆಂಟ್ ನಿಂತಿದೆ. ಕೂಲಿ ನುಂಗಿದ ನೆಲದ ಮೇಲೆ ಜನ ನೆಮ್ಮದಿಯಾಗಿ ಟೀವಿ ನೋಡುತ್ತಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಯಾರೂ ಹೇಳಿಲ್ಲ.

ಮಾಲೀಕ ಹೊತ್ತೊಯ್ಯಲಾಗದೆ ಬಿಟ್ಟುಹೋದದ್ದು ಬೆಸುಗೆ ಹಾಕುವ ಅವಳ ಕೈಯೊಂದನ್ನೇ. ಅದು ಅವಳ ಜೊತೆ ದೀಪಾಂಜಲಿ ನಗರದ ಮನೆಗೆ ಬಂತು. ಬಂದು ಬಹಳ ಕಾಲ ಬೇರೆ ಬೇರೆ ಕೆಲಸಕ್ಕೆ ಸವೆಯಿತು. ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸಿತು, ಛತ್ರಗಳಲ್ಲಿ ತರಕಾರಿ ಹೆಚ್ಚಿತು, ಇನ್ನೊಬ್ಬರ ಮನೆಯ ನೆಲ ಒರೆಸಿತು.

ಆ ಕೈಗೆ ಮತ್ತೆ ಬಿಸಿ ಮುಟ್ಟಿಸಿದವನು ಸುಘೋಷ್. ಕುರುಬರಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಅವನದು ಕಾರುಗಳ ವೈರಿಂಗ್, ಬ್ಯಾಟರಿ ನೋಡುವ ಅಂಗಡಿ. ತಮ್ಮನ ಹಳೆಯ ಕಾರಿನ ಮೀಟರು ಸತ್ತಿದೆ ಎಂದು ಲಿಂಗಮ್ಮ ತಮ್ಮನ ಜೊತೆ ಅಲ್ಲಿಗೆ ಹೋಗಿದ್ದಳು. ಮೀಟರು ಎಂದರೆ ಸ್ಟೇರಿಂಗಿನ ಹಿಂದೆ ಕಾಣುವ ಡಬ್ಬಿ: ವೇಗದ ಮುಳ್ಳು, ಡೀಸೆಲ್ ಮುಳ್ಳು, ಕೆಂಪು ಹಳದಿ ದೀಪಗಳು ಇರುವುದು ಅದರಲ್ಲೇ. ಗಾಡಿ ಹಳತಾದರೆ ಆ ಡಬ್ಬಿ ಹೊಸದು ಸಿಗುವುದಿಲ್ಲ. ಒಳಗಿನ ಬೋರ್ಡಿನಲ್ಲಿ ಬೆಸುಗೆ ಬಿಟ್ಟಿರುವುದು ಸುಘೋಷನಿಗೂ ಕಂಡಿತ್ತು. ಆದರೆ ಸಾಲಾಗಿ ಕಾರುಗಳು ನಿಂತಿರುವಾಗ ಸಾಸಿವೆಯಷ್ಟು ಜಾಗಕ್ಕೆ ಬೆಸುಗೆ ಹಾಕುತ್ತ ಕೂರಲು ಅವನಿಗೆ ಪುರುಸೊತ್ತಿರಲಿಲ್ಲ.

"ನಾನು ಹಾಕ್ಲಾ?" ಎಂದಳು ಲಿಂಗಮ್ಮ.

ಅವನು ಒಂದು ಸಲ ಅವಳ ಮುಖ ನೋಡಿದ, ಒಂದು ಸಲ ಕೈ ನೋಡಿದ, ಸೋಲ್ಡರಿಂಗ್ ಐರನ್ ಮುಂದಿಟ್ಟ. ಕೆಲಸ ಮುಗಿದ ಮೇಲೆ ಟೀ ತರಿಸಿ, "ನಾಳೆಯಿಂದ ಬನ್ನಿ, ಆ ಮೂಲೇಲಿ ಒಂದು ಮೇಜು ಹಾಕ್ಸ್ತೀನಿ," ಎಂದ. ಇನ್ನೊಬ್ಬನಾಗಿದ್ದರೆ ಅಂಗಡಿಯಲ್ಲಿ ಹೆಂಗಸು ಯಾಕೆ ಎನ್ನುತ್ತಿದ್ದ. ಸುಘೋಷ್ ಹಾಗೆನ್ನಲಿಲ್ಲ. ಅವನ ಮೇಲೆ ಮುಂದೆ ಸಿಟ್ಟು ಬಂದಾಗಲೂ ಲಿಂಗಮ್ಮ ಈ ಮಾತನ್ನು ಮರೆತವಳಲ್ಲ.

ಮೇಜಿಗೆ ಒಂದು ದೀಪ, ಕಾಲು ಮುರಿದ ಭೂತಗನ್ನಡಿ, ಹಲ್ಲುಜ್ಜುವ ಹಳೆಯ ಬ್ರಷ್ಷು, ಸ್ಪಿರಿಟ್ಟಿನ ಬಾಟಲಿ ಬಂದವು. ಬಸವೇಶ್ವರನಗರದಿಂದ, ವಿಜಯನಗರದಿಂದ, ಕೆಂಗೇರಿಯಿಂದಲೂ ಹಳೆಯ ಗಾಡಿಯವರು ಬರತೊಡಗಿದರು. ಹೊಸ ಗಾಡಿ ಕೊಳ್ಳುವ ಶಕ್ತಿಯಿಲ್ಲದವರು, ಇರುವ ಗಾಡಿಯನ್ನೇ ಇನ್ನೊಂದಷ್ಟು ಕಾಲ ಎಳೆಯಬೇಕಾದವರು. ಅವರ ಬಾಯಲ್ಲಿ ಅವಳು ಮೀಟರ್ ಲಿಂಗಮ್ಮನಾದಳು. ಸತ್ತ ಮುಳ್ಳು ಎದ್ದು ನಿಂತಾಗ ಗಾಡಿಯವನ ಮುಖ ನೋಡುವುದು ಅವಳಿಗೆ ಇಷ್ಟ. ಕಾರ್ಖಾನೆಯಲ್ಲಿ ಬೋರ್ಡು ಮುಂದಕ್ಕೆ ಹೋಗಿಬಿಡುತ್ತಿತ್ತು, ಅದು ಯಾರ ಕಿವಿಯಲ್ಲಿ ಮಾತಾಡಿತು ಎಂದು ಕೊನೆಗೂ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ದೇವೇಂದ್ರಪ್ಪನ ವ್ಯಾನು ಬಂತು.

ದೇವೇಂದ್ರಪ್ಪ ಕೊಪ್ಪಳದ ಕಡೆಯವನು. ವಿಜಯನಗರದಲ್ಲಿ ಮನೆ ಮಾಡಿ ಬಾಡಿಗೆ ಓಡಿಸುತ್ತಾನೆ. ಮಗಳು ಕಾಲೇಜಿಗೆ ಹೋಗುವಷ್ಟು ಕಾಲ ಇಲ್ಲಿ ಕಳೆದರೂ ಅವನ ನಾಲಿಗೆ ಮಾತ್ರ ಊರು ಬಿಟ್ಟು ಬಂದಿಲ್ಲ.

"ಅಕ್ಕಾರ, ಈ ಮುಳ್ಳು ನೋಡ್ರಿ. ಕುಡದವ್ರಂಗ ಓಲಾಡಾಕತ್ತೈತಿ. ಟ್ಯಾಂಕ್ ತುಂಬ ಡೀಸೆಲ್ ಐತಿ, ಇದು ಖಾಲಿ ಅಂತೈತಿ."

"ಯಜಮಾನನ ಅಭ್ಯಾಸ ಗಾಡಿಗೂ ಬಂದಿರ್ಬೇಕು ಬಿಡಿ," ಎಂದ ಸುಘೋಷ್.

"ನಾ ಚಾ ಬಿಟ್ರ ಏನೂ ಮುಟ್ಟಂಗಿಲ್ರಿ ಸಾರ್."

ಡ್ಯಾಶ್‌ಬೋರ್ಡಿನ ಮೇಲೆ, ಸರಿಯಾಗಿ ಮೀಟರಿನ ನೆತ್ತಿಗೆ, ನಿಂಬೆಹಣ್ಣಿನ ಗಾತ್ರದ ಕಲ್ಲಿನ ಬಸವಣ್ಣನನ್ನು ಅಂಟಿಸಿತ್ತು. ಹಣೆಗೆ ವಿಭೂತಿ, ಕೊರಳಿಗೆ ಒಂದು ಹೂವು. ಸುಘೋಷ್ ಕೆಳಗಿನ ಪಟ್ಟಿ ಬಿಚ್ಚಿ, ಮೀಟರನ್ನು ಓರೆ ಮಾಡಿ, ಬಸವಣ್ಣನಿಗೆ ಮೊಣಕೈ ತಾಗದ ಹಾಗೆ ಹೊರಗೆಳೆದ. ಬಸವಣ್ಣನನ್ನು ಎತ್ತಿ ಪಕ್ಕಕ್ಕಿಡುವ ಮಾತೇ ಏಳಲಿಲ್ಲ. ಈ ಕಡೆಯ ಮೆಕ್ಯಾನಿಕ್ಕುಗಳು ಎಂಜಿನ್ ಇಳಿಸುತ್ತಾರೆ, ಸೀಟು ಕಿತ್ತು ಬೀದಿಗೆ ಹಾಕುತ್ತಾರೆ, ದೇವರ ಸುತ್ತ ಮಾತ್ರ ಮೈ ಹಿಡಿಯಾಗಿಸಿಕೊಂಡು ಕೆಲಸ ಮಾಡುತ್ತಾರೆ.

ಬೋರ್ಡಿನ ಒಂದು ಅಂಚಿನಲ್ಲಿ ಬೆಸುಗೆ ಹಸಿರುಗಟ್ಟಿತ್ತು. ಲಿಂಗಮ್ಮ ಸ್ಪಿರಿಟ್ ಹಚ್ಚಿ ಉಜ್ಜಿ, ಹಳೆಯದನ್ನು ತೆಗೆದು ಹೊಸ ಬೆಸುಗೆ ಹಾಕಿದಳು. ಮುಳ್ಳು ಸೆಟೆದು ನಿಂತಿತು. ದೇವೇಂದ್ರಪ್ಪ ಕೈಮುಗಿದು ಹೋದ.

ಮುಂದಿನ ಸೋಮವಾರ ಮತ್ತೆ ಬಂದ. ಅದೇ ಮುಳ್ಳು, ಅದೇ ಓಲಾಟ. ಬೋರ್ಡಿನ ಮೇಲಿನ ತಾಮ್ರದ ಗೆರೆಯೊಂದು ತಿಂದು ಹೋಗಿತ್ತು. ಲಿಂಗಮ್ಮ ವೈರಿನ ಒಂದೇ ಎಳೆ ಬಿಡಿಸಿ, ಆ ಗೆರೆಯ ಜಾಗದಲ್ಲಿ ಮಲಗಿಸಿ ಎರಡೂ ತುದಿಗೆ ಬೆಸುಗೆ ಹಾಕಿದಳು. ಇನ್ನು ಇದು ಕೆಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದಳು ಕೂಡ. ಅದು ಮತ್ತೊಂದು ಸೋಮವಾರಕ್ಕೆ ಕೆಟ್ಟಿತು.

"ಸೋಮವಾರ ಬಂದ್ರೆ ಸಾಕು, ನಮ್ ಅಂಗಡಿಗೆ ದೇವೇಂದ್ರಪ್ಪನ ದರ್ಶನ," ಎಂದ ಸುಘೋಷ್. ನಗುವುದಕ್ಕೆಂದೇ ಹೇಳಿದ, ಆದರೆ ಅವನೇ ನಗಲಿಲ್ಲ.

ಆಗ ಲಿಂಗಮ್ಮನಿಗೆ ಒಳಗೊಳಗೇ ಭಯ ಹತ್ತಿತು. ಅವಳ ಕಣ್ಣಿಗೆ ಪೊರೆ ಬರುತ್ತಿತ್ತು. ಬಡಾವಣೆಯಲ್ಲಿ ಉಚಿತ ಕಣ್ಣಿನ ತಪಾಸಣೆ ಇಟ್ಟಿದ್ದಾಗ ಡಾಕ್ಟರು ಹೇಳಿದ್ದರು, ಅವಳು ಯಾರಿಗೂ ಹೇಳಿರಲಿಲ್ಲ. ಬಸ್ಸಿನ ನಂಬರು ಹತ್ತಿರ ಬಂದಮೇಲೇ ಕಾಣುತ್ತದೆ, ಸರಿ. ಬೆಸುಗೆಯೂ ಹಾಗೇ ಆಗಿದೆಯೇ? ಮೇಲೆ ಹೊಳೆಯುತ್ತದೆ, ಕೆಳಗೆ ಹಿಡಿದಿಲ್ಲ, ಅದು ನನಗೆ ಕಾಣುತ್ತಿಲ್ಲ, ಹಾಗೇನಾದರೂ? ಈ ಮೇಜು ಹೋದರೆ ಮತ್ತೆ ತರಕಾರಿ ಹೆಚ್ಚುವುದೇ. ಆ ಕೆಲಸಕ್ಕೂ ಈಗ ಮೊಣಕಾಲು ಬಗ್ಗುವುದಿಲ್ಲ.

ಮೂರನೇ ಸಲ ಬೋರ್ಡು ಬಿಚ್ಚಿ ಬೆರಳಿಟ್ಟಾಗ ಅಂಟಂಟು ಹತ್ತಿತು. ಒಂದು ಸಣ್ಣ ಇರುವೆ ಅವಳ ಉಗುರಿನ ಮೇಲೆ ಹತ್ತಿ ನಡೆಯಿತು. ಅವಳಿಗೆ ಎಲ್ಲಿಲ್ಲದ ಧೈರ್ಯ ಬಂತು. ತಪ್ಪು ತನ್ನ ಕೈಯದಲ್ಲ.

"ಏನಪ್ಪಾ, ಗಾಡೀಲಿ ಜ್ಯೂಸ್ ಚೆಲ್ಕೊಂಡಿದೀಯ. ಬೋರ್ಡ್ ತುಂಬಾ ಸಕ್ಕರೆ. ಮೊದ್ಲೇ ಹೇಳೋಕೆ ಏನಾಗಿತ್ತು?"

"ಯಾವ ಜ್ಯೂಸ್ರಿ? ನನ್ ಗಾಡ್ಯಾಗ ಮಂದಿಗೆ ಕಡ್ಲಿಬೀಜ ತಿನ್ನಾಕ ಬಿಡಂಗಿಲ್ಲ ನಾ."

"ಹಂಗಾದ್ರೆ ಇರುವೆ ಜಾತ್ರೆ ನೋಡೋಕೆ ಬಂದಿದ್ವಾ?"

"ಅಕ್ಕಾರ, ನಿಮಗ ಕಣ್ ಕಾಣಂಗಿಲ್ಲ ಅಂದ್ರ ಕಾಣಂಗಿಲ್ಲ ಅನ್ರಿ. ನನ್ ಮ್ಯಾಲ ಯಾಕ ಹಾಕ್ತೀರಿ?"

ಆ ಮಾತು ಎಲ್ಲಿ ತಾಗಬಾರದೋ ಅಲ್ಲೇ ತಾಗಿತು. ಲಿಂಗಮ್ಮ ಸುಮ್ಮನಿರುವ ಪೈಕಿಯಲ್ಲ. ಗೇಟಿನ ಮುಂದೆ ಕೂಗಿದ ಗಂಟಲು ಒಮ್ಮೆಲೇ ಹೊರಗೆ ಬಂತು. ಪಕ್ಕದ ಪಂಕ್ಚರ್ ಅಂಗಡಿಯವನು ಟ್ಯೂಬು ಕೈಯಲ್ಲೇ ಹಿಡಿದುಕೊಂಡು ಬಂದು ನಿಂತ. ದೇವೇಂದ್ರಪ್ಪ ತನ್ನ ಮಗಳ ಮೇಲೆ ಆಣೆ ಹಾಕಿದ. ಆಣೆ ಹಾಕಿದವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅವನು ಗಾಡಿ ಬಿಟ್ಟು ಹೋದ ಮೇಲೆ ಸುಘೋಷ್ ಒಂದು ಬ್ಯಾಟರಿಯ ಕಡೆ ನೋಡುತ್ತ ಮಾತಾಡಿದ.

"ಲಿಂಗಮ್ಮನವರೇ, ಗಿರಾಕಿ ಮೇಲೆ ಹಂಗೆಲ್ಲಾ ಹಾಕಿದ್ರೆ ಅಂಗಡಿ ನಡೆಯಲ್ಲ. ಕ್ಯಾಮೆರಾ, ಟಚ್‌ಸ್ಕ್ರೀನು ಫಿಟ್ ಮಾಡೋನು ಒಬ್ಬ ಜಾಗ ಕೇಳ್ತಾ ಇದಾನೆ. ಮುಂದಿನ ವಾರದಿಂದ ಬರ್ತಾನಂತೆ."

"ಮೇಜು ಅವನಿಗಾ?"

"ಶನಿವಾರದವರೆಗೂ ಇರಿ."

ಅವಳು ಬೇಡಿಕೊಳ್ಳಲಿಲ್ಲ. ಕಾರ್ಖಾನೆಯಲ್ಲಾದರೆ ಜೊತೆಗೆ ನೂರಾರು ಹೆಂಗಸರಿದ್ದರು, ಕೂಗಿದರೆ ಕೂಗಿಗೆ ಕೂಗು ಸೇರುತ್ತಿತ್ತು. ಒಬ್ಬಳ ಮೇಜಿಗಾಗಿ ಒಬ್ಬಳೇ ಶಾಮಿಯಾನ ಹಾಕಿ ಕೂರಲಾದೀತೆ?

ಶನಿವಾರ ಅವಳು ಬ್ರಷ್ಷು, ಬೆಸುಗೆಯ ಸುರುಳಿ, ಭೂತಗನ್ನಡಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದಳು. ದೇವೇಂದ್ರಪ್ಪ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತ ಗಾಡಿಗೆ ಕಾಯುತ್ತಿದ್ದ. ಮೂರನೇ ಸಲ ಬೆಸುಗೆ ಹಾಕಿದ ಮೀಟರನ್ನು ಸುಘೋಷ್ ಜೋಡಿಸಲು ಹೊರಟಿದ್ದ. ಅಷ್ಟರಲ್ಲಿ ಸೊಂಟದ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡ ಹೆಂಗಸೊಬ್ಬಳು ರಸ್ತೆ ದಾಟಿ ನೇರ ಅಂಗಡಿಯೊಳಗೆ ಬಂದಳು. ಗಂಟಿನಿಂದ ಜೋಳದ ರೊಟ್ಟಿಯ ವಾಸನೆ.

ದೇವೇಂದ್ರಪ್ಪ ಎದ್ದು ನಿಂತ. "ಏ, ನೀ ಯಾಕ ಬಂದಿ ಇಲ್ಲಿ?"

ಅವಳು ಗಂಡನನ್ನು ದಾಟಿ ಮೇಜಿನ ಮುಂದೆ ಬಂದು ನಿಂತಳು. "ಅಕ್ಕಾ, ನಾ ಹನುಮವ್ವ, ಇವ್ರ ಹೆಣ್ತಿ. ಆ ಮೀಟರ್ ಕೆಡಿಸಿದಾಕಿ ನಾನ."

ಲಿಂಗಮ್ಮ ಪೇಪರಿನ ಗಂಟನ್ನು ಮೇಜಿನ ಮೇಲಿಟ್ಟಳು.

"ಸೋಮವಾರ ಸೋಮವಾರ ನಸುಕಿನ್ಯಾಗ ಬಸವಣ್ಣಗ ಪಂಚಾಮೃತ ಹಾಕ್ತೀನಿ. ಹಾಲು, ಮೊಸರು, ತುಪ್ಪ, ಜೇನು, ಸಕ್ರಿ. ಇವ್ರು ಜಳಕಕ್ಕ ಹೋಗಿರ್ತಾರ, ಇವ್ರಿಗೆ ಗೊತ್ತಿಲ್ಲ. ಆಮ್ಯಾಲ ಸೆರಗಿಲೆ ಸ್ವಚ್ಛ ಒರಸ್ತೀನಿ. ಒರಸಿದ್ದು ಮ್ಯಾಲಿಂದು. ಒಳಗ ಇಳದಿದ್ದು ನನಗ ಹೆಂಗ ಕಾಣ್ಬೇಕು? ನಿನ್ನೆ ಇವ್ರು ಉಣ್ಣಾಕ ಕುಂತಾಗ ಹೇಳಿದ್ರು, ಮೀಟರ್‌ನಾಗ ಸಕ್ರಿ ಐತಿ ಅಂತ ಆ ಅಕ್ಕ ಜಗಳ ತಗದ್ಲು, ಆಕಿ ಕೆಲ್ಸ ಹೋತು ಅಂತ ಅಂಗಡಿ ಸಾರ್ ಫೋನಿನ್ಯಾಗ ಅಂದ್ರು ಅಂತ. ಸಕ್ರಿ ಅಂದಕೂಡ್ಲೆ ನನಗ ತುತ್ತು ಇಳೀಲಿಲ್ಲ."

"ಬರೇ ಊದಿನಕಡ್ಡಿ ಹಚ್ತೀನಿ ಅಂತಿದ್ದೆಲ್ಲ ನೀನು," ಎಂದ ದೇವೇಂದ್ರಪ್ಪ. ಅವನ ಮುಖ ಕೆಂಪಾಗಿತ್ತು. "ಮನ್ಯಾಗ ಹೇಳಾಕ ಬಾಯಿ ಇರಲಿಲ್ಲೇನು? ಮಂದಿ ಮುಂದ ಬಂದು ಹೇಳ್ಬೇಕಾ?"

"ಮನ್ಯಾಗ ಹೇಳಿದ್ರ ನೀವು ಇಲ್ಲಿ ಬಂದು ಹೇಳ್ತಿದ್ರೇನು?"

ದೇವೇಂದ್ರಪ್ಪ ಟೀ ಲೋಟದ ತಳ ನೋಡಿದ. ಪಂಕ್ಚರ್ ಅಂಗಡಿಯವನೂ ಅಷ್ಟರಲ್ಲಿ ಬಂದು ನಿಂತಿದ್ದ.

ಸುಘೋಷ್ ವ್ಯಾನಿನ ಬಾಗಿಲು ತೆರೆದ. ಬಸವಣ್ಣನನ್ನು ಎತ್ತಬೇಕು ಎಂಬುದು ಎಲ್ಲರಿಗೂ ತಿಳಿದಿತ್ತು, ಯಾರ ಕೈಯೂ ಮುಂದಾಗಲಿಲ್ಲ. ಹನುಮವ್ವನೇ ರೊಟ್ಟಿಯ ಗಂಟನ್ನು ಲಿಂಗಮ್ಮನ ಮೇಜಿನ ಮೇಲಿಟ್ಟು ವ್ಯಾನಿನೊಳಗೆ ಬಗ್ಗಿದಳು. "ತಪ್ಪಾತಪ್ಪಾ, ಏಳು," ಎಂದು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದಳು. ಅಂಟು ಕಿತ್ತು ಬಂತು. ಅದರ ಕೆಳಗೆ ಪ್ಲಾಸ್ಟಿಕ್ಕು ಬಿಸಿಲಿಗೆ ಸೀಳಿತ್ತು, ಉಗುರು ತೂರುವಷ್ಟು. ಸೀಳಿನ ಎರಡೂ ತುಟಿಗೆ ಕಪ್ಪು ಜಿಡ್ಡು, ಅದರೊಳಕ್ಕೆ ಇರುವೆಗಳ ಸಾಲು. ಮೀಟರು ಕೂತಾಗ ಆ ಸೀಳಿನ ನೇರ ಕೆಳಗೆ ಬರುವುದು ಹಸಿರುಗಟ್ಟುತ್ತಿದ್ದ ಅದೇ ಅಂಚು.

ಹನುಮವ್ವ ಬಸವಣ್ಣನನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಅಳುವ ಹಾಗಿತ್ತು ಮುಖ.

"ಬಸವಣ್ಣ ಹುಲ್ಲು ಮೇಯೋ ದೇವ್ರು ಕಣಮ್ಮ," ಎಂದಳು ಲಿಂಗಮ್ಮ. "ಜೇನುತುಪ್ಪ ಹಾಕಿದ್ರೆ ಏನ್ ಮಾಡ್ತಾನೆ? ನಂಗೆ ಬೇಡ ಅಂತ ಕೆಳಗಡೆ ಮೀಟರ್‌ಗೆ ಬಿಟ್ಟಿದಾನೆ."

ಮೊದಲು ನಕ್ಕವನು ದೇವೇಂದ್ರಪ್ಪ. ಆಮೇಲೆ ಹನುಮವ್ವ ನಕ್ಕಳು, ಬಸವಣ್ಣನನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು.

ತಪ್ಪು ಲಿಂಗಮ್ಮನದೂ ಇತ್ತು, ಅದೀಗ ಅವಳಿಗೆ ಹೊಳೆಯಿತು. ಬೋರ್ಡಿಗೆ ನೀರು ತಾಗಬಾರದು ಎಂದು ಕಾರ್ಖಾನೆಯಲ್ಲಿ ಮೇಸ್ತ್ರಿ ಬೈದು ಬೈದು ಕಲಿಸಿದ್ದ. ಅದಕ್ಕೇ ಅವಳು ಪ್ರತಿಸಲ ಸ್ಪಿರಿಟ್ಟಿನಲ್ಲೇ ಉಜ್ಜಿದ್ದಳು. ಸ್ಪಿರಿಟ್ಟಿಗೆ ತುಪ್ಪದ ಜಿಡ್ಡು ಬಿಡುತ್ತದೆ, ಸಕ್ಕರೆ ಜಗ್ಗುವುದಿಲ್ಲ. ಸಕ್ಕರೆ ಬೆಸುಗೆಯ ಸಂದಿಯಲ್ಲೇ ಕೂತು, ಸೋಮವಾರದ ಹಸಿ ಬಿದ್ದಾಗಲೆಲ್ಲ ಮತ್ತೆ ಎದ್ದು ತಾಮ್ರ ತಿನ್ನುತ್ತಿತ್ತು. ಅವಳು ಟೀ ಅಂಗಡಿಯಿಂದ ಒಂದು ಲೋಟ ಬಿಸಿನೀರು ತರಿಸಿದಳು.

"ಏನ್ ಮಾಡ್ತೀರಿ? ಬೋರ್ಡ್ ಸತ್ತೋಗತ್ತೆ," ಎಂದ ಸುಘೋಷ್.

"ಪಂಚಾಮೃತ ಕುಡಿದು ಬದುಕಿರೋ ಬೋರ್ಡು ಕಣಪ್ಪ. ನೀರಿಗೆ ಸಾಯಲ್ಲ."

ಮುಳ್ಳುಗಳ ಕಡೆಯ ಭಾಗವನ್ನು ಬೇರೆ ಮಾಡಿ, ಬೋರ್ಡನ್ನು ಬಿಸಿನೀರಿನಲ್ಲಿ ಅದ್ದಿ ಬ್ರಷ್ಷಿನಲ್ಲಿ ತೊಳೆದಳು. ಮೇಲೊಂದು ಸಲ ಸ್ಪಿರಿಟ್ ಹಾಕಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಬಿಟ್ಟು ಒಣಗಿಸಿದಳು. ಆಮೇಲೆ ಹೊಸ ಎಳೆ, ಹೊಸ ಬೆಸುಗೆ. ಸುಘೋಷ್ ಸೀಳಿಗೆ ಸಿಲಿಕೋನ್ ತುಂಬಿದ. ದೇವೇಂದ್ರಪ್ಪ ಗಾಡಿ ಹೊಡೆದುಕೊಂಡು ಶಂಕರಮಠದವರೆಗೂ ಹೋಗಿ ಬಂದ. ಮುಳ್ಳು ಅಲುಗಿರಲಿಲ್ಲ. ಮುಂದಿನ ಸೋಮವಾರ ಅವನು ಬರಲಿಲ್ಲ, ಅದರ ಮುಂದಿನ ಸೋಮವಾರವೂ ಬರಲಿಲ್ಲ. ಬಸವಣ್ಣ ಈಗ ಮನೆಯೊಳಗೆ ದೇವರ ಜಗುಲಿಯ ಮೇಲೆ ಪಂಚಾಮೃತ ಸ್ವೀಕರಿಸುತ್ತಿದ್ದಾನೆ. ಗಾಡಿಗೆ ಒಂದು ಹೂವು ಮಾತ್ರ.

ಆ ಶನಿವಾರ ಎಲ್ಲರೂ ಹೋದ ಮೇಲೆ ಸುಘೋಷ್ ತಾನೇ ಪೇಪರು ಬಿಚ್ಚಿ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ. ಕ್ಷಮಿಸಿ ಎನ್ನಲಿಲ್ಲ, ಆ ಪದ ಅವನ ಅಂಗಡಿಯಲ್ಲಿ ಸ್ಟಾಕ್ ಇಲ್ಲ. "ಕ್ಯಾಮೆರಾದವನಿಗೆ ಬೇರೆ ಕಡೆ ನೋಡ್ಕೋ ಅಂದೆ," ಎಂದ, ಅಷ್ಟೇ.

ಹನುಮವ್ವ ಅಷ್ಟು ಜನರ ಮುಂದೆ ಬಾಯಿ ಬಿಟ್ಟದ್ದನ್ನು ನೋಡಿದ ಮೇಲೆ ಲಿಂಗಮ್ಮನಿಗೂ ಮುಚ್ಚಿಡುವುದು ನಾಚಿಕೆಗೇಡು ಎನ್ನಿಸಿತು. "ನನ್ ಕಣ್ಣಿಗೆ ಪೊರೆ ಬರ್ತಿದೆ. ನಿಮ್ಗೆ ಹೇಳಿರ್ಲಿಲ್ಲ."

"ಭೂತಗನ್ನಡಿ ಹಿಡ್ಕೊಂಡು ಟೀ ಲೋಟ ಹುಡುಕ್ತಿದ್ರಲ್ಲ, ಆವಾಗ್ಲೇ ಗೊತ್ತಾಯ್ತು. ಆಪರೇಷನ್ ಮಾಡಿಸ್ಕೊಂಡು ಬನ್ನಿ. ಮೇಜು ಎಲ್ಲಿಗೂ ಹೋಗಲ್ಲ."

ಅವಳು ಮಾಡಿಸಿಕೊಂಡು ಬಂದಳು. ಈಗ ಬಸ್ಸಿನ ನಂಬರು ದೂರದಿಂದಲೇ ಕಾಣುತ್ತದೆ.

ಕಾರ್ಖಾನೆಯ ಕಾಲದಿಂದ ಲಿಂಗಮ್ಮ ಒಂದನ್ನು ನೋಡುತ್ತ ಬಂದಿದ್ದಳು. ಮಾಲು ಕೆಟ್ಟು ವಾಪಸು ಬಂದರೆ ತಪ್ಪು ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಮ್ಯಾನೇಜರು ಸೂಪರ್‌ವೈಸರಿಗೆ ಹೇಳುತ್ತಿದ್ದ, ಸೂಪರ್‌ವೈಸರು ಮೇಸ್ತ್ರಿಗೆ, ಮೇಸ್ತ್ರಿ ಬೆಸುಗೆಯ ಸಾಲಿನ ಹುಡುಗಿಯರಿಗೆ. ಅಲ್ಲಿಂದ ಕೆಳಗೆ ಯಾರೂ ಇರಲಿಲ್ಲ, ತಪ್ಪು ಅಲ್ಲೇ ನಿಲ್ಲುತ್ತಿತ್ತು. ಬೆಸುಗೆಗೆ ಅಗ್ಗದ ಸೀಸ ತರಿಸಿದವರು ಒಂದು ದಿನವೂ ಸಾಲಿನ ಮುಂದೆ ಬಂದು ತಂದವರು ನಾವು ಎಂದಿರಲಿಲ್ಲ. ಇಷ್ಟು ವರ್ಷದ ದುಡಿಮೆಯಲ್ಲಿ ಹಾಗೆ ಬಂದು ಹೇಳಿದವಳು ಹನುಮವ್ವ ಒಬ್ಬಳೇ. ಅವಳಿಗೆ ಹೇಳುವ ದರ್ದು ಏನಿತ್ತು? ಸುಮ್ಮನಿದ್ದಿದ್ದರೆ ಬೆಳಗಿನ ಜಾವದ ಪಂಚಾಮೃತದ ವಿಷಯ ಬಸವಣ್ಣನಿಗೆ ಬಿಟ್ಟರೆ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ಇದನ್ನು ಲಿಂಗಮ್ಮ ಅವಳನ್ನೇ ಕೇಳಿದಳು. ವಿಜಯನಗರದ ಅವಳ ಮನೆಗೆ ಹೋಗಿ, ಒಲೆಯ ಪಕ್ಕ ಕೂತು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತ ಕೇಳಿದಳು.

"ನೀನು ಬಂದು ಹೇಳ್ದೇ ಇದ್ದಿದ್ರೆ ನಾನು ಇವತ್ತು ಯಾವುದೋ ಛತ್ರದಲ್ಲಿ ಈರುಳ್ಳಿ ಹೆಚ್ತಾ ಇರ್ತಿದ್ದೆ ಕಣಮ್ಮ. ಗಂಡನ ಹತ್ರ ಬೈಸ್ಕೊಂಡು ಯಾಕ್ ಬಂದೆ?"

ಹನುಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾನೂ ದುಡಿಯಾಕಿ ಅಲ್ಲೇನಕ್ಕಾ? ಖಾನಾವಳಿಯವ ರೊಟ್ಟಿ ಬಿರುಸಾಗ್ಯಾವ ಅಂತ ತಿರುಗಿ ಕಳಿಸ್ತಾನ. ತಾನ ಫ್ಯಾನ್ ಕೆಳಗ ಬಿಚ್ಚಿ ಇಟ್ಟಿದ್ದು ಬಾಯಿ ಬಿಡಂಗಿಲ್ಲ. ಆ ಉರಿ ನನಗ ಗೊತ್ತೈತಿ."

ಲಿಂಗಮ್ಮ ಥ್ಯಾಂಕ್ಸ್ ಎನ್ನುವ ಜಾಯಮಾನದವಳಲ್ಲ. ಇನ್ನೊಂದು ರೊಟ್ಟಿ ಹಾಕು ಎಂದಳು. ಹನುಮವ್ವನಿಗೆ ಅರ್ಥವಾಯಿತು. ಅವತ್ತಿನಿಂದ ಅಂಗಡಿಗೆ ಬರುವ ಪ್ರತಿ ಗಾಡಿಯವನಿಗೂ ಲಿಂಗಮ್ಮ ಅವಳ ಹೆಸರು ಹೇಳುತ್ತಾಳೆ, ಹೇಳಿ, "ನಿಮ್ ದೇವ್ರಿಗೆ ಏನ್ ಹಾಕ್ತೀರಿ?" ಎಂದು ಕೇಳುತ್ತಾಳೆ. ಗಿರಾಕಿಗಳು ಮೊದಲು ತಲೆ ಕೆರೆದುಕೊಳ್ಳುತ್ತಾರೆ, ಆಮೇಲೆ ಒಬ್ಬೊಬ್ಬರೇ ಒಪ್ಪುತ್ತಾರೆ. ಒಬ್ಬರು ಪನ್ನೀರು, ಒಬ್ಬರು ಎಳನೀರು. ಮಹಾಲಕ್ಷ್ಮಿ ಲೇಔಟಿನ ಒಬ್ಬ ಯಜಮಾನರು ಆಯುಧಪೂಜೆಯ ದಿನ ಸ್ಟೇರಿಂಗಿಗೇ ಕಾಯಿ ಒಡೆದಿದ್ದರು.

ನೀವೂ ಯಾರ ಮುಂದಾದರೂ ಹೋಗಿ ಕಿರುಚಿ ಬಂದಿರುತ್ತೀರಿ. ಮೊನ್ನೆ ತಾನೆ ರಿಪೇರಿ ಮಾಡಿಸಿದ್ದು, ನಿಮಗೆ ಕೆಲಸ ಬರುವುದಿಲ್ಲವೇ ಎಂದು. ಮಿಕ್ಸಿಗೆ ಕಲ್ಲಿನಂಥ ಅರಿಸಿನದ ಕೊಂಬು ಹಾಕಿದ್ದು, ಮೊಬೈಲು ಬಕೆಟ್ಟಿಗೆ ಬಿದ್ದದ್ದು, ಹೊಲಿಸಿದ ರವಿಕೆಯನ್ನು ಬಿಸಿನೀರಿಗೆ ಅದ್ದಿದ್ದು, ಇವೆಲ್ಲ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ಅವರ ಮೇಜಿನ ಮೇಲೆ ಇಟ್ಟು ಬಂದಿರಿ. ಆ ಅಂಗಡಿ ಇನ್ನೂ ಅಲ್ಲೇ ಇದ್ದರೆ ಹೋಗಿ. ಫೋನು ಮಾಡಬೇಡಿ, ಗಂಡನನ್ನೋ ಮಗನನ್ನೋ ಕಳಿಸಬೇಡಿ. ನಾಲ್ಕು ಜನ ನಿಂತಿರುವ ಹೊತ್ತು ನೋಡಿಕೊಂಡು ನೀವೇ ಹೋಗಿ, ಅದನ್ನು ಕೆಡಿಸಿದ್ದು ನಾನು ಎಂದು ಅವರಿಗೆ ಕೇಳುವ ಹಾಗೆ ಹೇಳಿ.